ವಾಡೆಯ ತೂಗುಮಂಚ

ಮುಂಜಾನೆ ಚಹದ ಹೊತ್ತಿಗೆ ರಾಯಪ್ಪ ಕುದುರೆ ಓಡಿಸಿಕೊಂಡು ಹುಕ್ಕೇರಿಗೆ ಬಂದ. ಪೊಲೀಸ್ ಫೌಜದಾರಿಕೆ ಮುಗಿಸಿದ ದುಂಡಪ್ಪನವರು ನನ್ನ ನೆರೆಮನೆಯವರು. ಸಾಲಿ ಮಾಸ್ತರನಾದ ನಾನು ಅವರ ಎಲ್ಲ ಶೋಧಗಳಿಗೂ ಜೊತೆಗಾರ. ಅಂದು ರಾಯಪ್ಪನ ತೀರಿಹೋದ ಅಣ್ಣನ ಮಗಳು ಸಾವಂತ್ರೆವ್ವನ ಮದುವೆ, ಅವರ ಇನ್ನೂರು ವರ್ಷದ ವಾಡೆಯಲ್ಲಿ.

"ನಮ್ಮವ್ವ ಹೋದಳ್ರಿ. ಯಲ್ಲಪ್ಪ ತೂಗುಮಂಚದ ಮ್ಯಾಲಿನ ಕೊಂಡಿ ಅರದಲೆ ಕೊರದಾನ. ಅವನ್ನ ಕಟ್ಟಿ ಹಾಕೇವಿ," ಅಂದ.

ನಾವು ವಾಡೆಗೆ ಹೋದೆವು. ಊದುವವರು ಸನಾದಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಕಲ್ಲಿನ ಮೆಟ್ಟಿಲ ಕೆಳಗೆ ರಾಯಪ್ಪನ ತಾಯಿ ಮುದಕವ್ವ ಮಲಗಿದ್ದಳು, ತಲೆ ಮೊಮ್ಮಗಳ ತೊಡೆಯ ಮೇಲೆ. ಅರಿಸಿನ ಹಚ್ಚಿದ ಆ ಹುಡುಗಿ ಅಳುವುದನ್ನೂ ಮರೆತಿದ್ದಳು.

ಮದುಮಕ್ಕಳು ಪಡಸಾಲೆಯ ಅಂಚಿನ ತೂಗುಮಂಚದಲ್ಲಿ ಕೂತು ತೂಗುವುದು ಆ ಮನೆಯ ಪದ್ಧತಿ. ಹೇಗೆ ಕೂಡಬೇಕೆಂದು ಮೊಮ್ಮಗಳಿಗೆ ತೋರಿಸಲು ಮುದುಕಿ ಮೊದಲು ಕೂತಿದ್ದಳು. ಮಂಚ ಮೆಟ್ಟಿಲ ಕಡೆ ತೂಗಿದಾಗ ಒಂದು ಸರಪಳಿ ಕಳಚಿ, ಮುದುಕಿ ಕಲ್ಲಿನ ಮೆಟ್ಟಿಲ ಮೇಲೆ ಬಿದ್ದಿದ್ದಳು. ತುಕ್ಕು ಹಿಡಿದಿತ್ತೆಂದು ಹೆಂಗಸರು ಹೇಳಿದರು.

ಹಿಂದೆ ಸಾವಂತ್ರೆವ್ವನನ್ನೇ ಹೆಣ್ಣು ಕೇಳಿ ಇಲ್ಲ ಅನ್ನಿಸಿಕೊಂಡಿದ್ದ ಯಲ್ಲಪ್ಪ ಕಂಬಕ್ಕೆ ಕಟ್ಟಿಸಿಕೊಂಡು ಕೂತಿದ್ದ. ರಾತ್ರಿ ಮುದಲಗಿಯಿಂದ ಹೊರಟು, ಬೆಳಗಾದ ಮೇಲೆ ಗಂಡಿನವರ ಬಂಡಿಯಲ್ಲೇ ಬಂದಿಳಿದೆನೆಂದ, ಗಂಡಿನವರೂ ಹೌದೆಂದರು.

ದುಂಡಪ್ಪನವರು ತೊಲೆಯತ್ತ ನೋಡಿದರು. ಅಲ್ಲಿ ಚೆಂಡುಹೂವಿನ ದಪ್ಪ ಮಾಲೆಯ ಹೊರತು ಏನೂ ಕಾಣುತ್ತಿರಲಿಲ್ಲ. ಏಣಿ ಕೇಳಿದಾಗ ಮದುಮಗಳ ತಾಯಿ ಚನ್ನವ್ವ ಚಪ್ಪರ ತೋರಿಸಿದಳು. ನಿನ್ನೆ ಸಂಜೆಯೇ ಅದನ್ನು ಅಲ್ಲಿ ತೋರಣಕ್ಕೆ ಆಸರೆಯಾಗಿ ಕಟ್ಟಿದ್ದರು. ಬಿಚ್ಚಿಸಿ ತಂದು, ನಾನೇ ಹತ್ತಿ ಮಾಲೆ ಸರಿಸಿದೆ. ಬಾಯಿ ತೆರೆದ ಕೊಂಡಿ ಅಲ್ಲೇ ತೂಗುತ್ತಿತ್ತು. ಅರ ಆಡಿಸಿದ ಜಾಗ ಹೊಳೆಯುತ್ತಿತ್ತು. ಕೆಳಗಿಳಿದು ದುಂಡಪ್ಪನವರಿಗೆ ಹೇಳಿದೆ.

ದುಂಡಪ್ಪನವರು ಎಲ್ಲರನ್ನೂ ಪಡಸಾಲೆಗೆ ಕರೆಸಿ, ಆ ಮಾಲೆ ಕಟ್ಟಿದವರು ಯಾರೆಂದು ಕೇಳಿದರು. ತನ್ನ ಮೈದುನ ರಾಯಪ್ಪನೇ ನಿನ್ನೆ ಮಧ್ಯಾಹ್ನ ಏಣಿ ಹತ್ತಿ ಕಟ್ಟಿದನೆಂದು ಚನ್ನವ್ವ ಹೇಳಿದಳು.

"ಕೊಂಡಿ ಹೂವಿನಾಗ ಮುಚ್ಚಿತ್ತು. ಆಮ್ಯಾಲೆ ಏಣಿ ಬಿಚ್ಚಿಲ್ಲ, ಯಾರೂ ಮ್ಯಾಲೆ ಹತ್ತಿಲ್ಲ. ಎಲ್ಲಾರೂ ತುಕ್ಕು ಅಂದ್ರು. ಅರದಲೆ ಕೊರದದ್ದು ನಿಮಗೊಬ್ಬರಿಗೆ ಹ್ಯಾಂಗ ಗೊತ್ತಾತು, ರಾಯಪ್ಪನವರ? ಮೊದಲ ನೋಡಿದ್ರ ಮಂಚ ಯಾಕ ನಿಲ್ಲಿಸಲಿಲ್ಲ?" ಎಂದರು ದುಂಡಪ್ಪನವರು.

ಮುದಕವ್ವ ವಾಡೆಯನ್ನು ಮೊಮ್ಮಗಳ ಹೆಸರಿಗೆ ಬರೆದಿದ್ದಳು. ಆ ಹುಡುಗಿ ಇಲ್ಲವಾದರೆ ಅದು ರಾಯಪ್ಪನಿಗೇ ಉಳಿಯುತ್ತಿತ್ತು. ತಪ್ಪು ಯಲ್ಲಪ್ಪನ ತಲೆಗೆ ಬರುತ್ತಿತ್ತು. ಇಷ್ಟನ್ನು ದುಂಡಪ್ಪನವರು ದನಿ ಏರಿಸದೆ ಹೇಳಿ ಮುಗಿಸಿದರು.

ರಾಯಪ್ಪ ತಾಯಿಯ ಕಾಲ ಕಡೆ ಕುಸಿದ. "ಅವ್ವ ಕುಂದರತಾಳಂತ ನನಗ ಗೊತ್ತಿರಲಿಲ್ಲ," ಅಂದ.

ಚನ್ನವ್ವ ಗೋಡೆ ಹಿಡಿದು ನಿಂತಳು. ಯಾರೋ ಯಲ್ಲಪ್ಪನ ಹಗ್ಗ ಬಿಚ್ಚಿದರು. ಅವನು ಎದ್ದೇಳಲೇ ಇಲ್ಲ. ಸಾವಂತ್ರೆವ್ವ ಆಗ ಮೊದಲ ಸಲ ತಲೆ ಎತ್ತಿದಳು.

"ಕಾಕಾನ್ನ ಈಗ ಒಯ್ಯಬ್ಯಾಡ್ರಿ. ಆಯಿಗೆ ಮಣ್ಣು ಕೊಡಲಿ. ಆಕಿಗೆ ಇರೂ ಮಗ ಅವ ಒಬ್ಬನ."

ಸಂಜೆ ಹೊಲದಲ್ಲಿ ಕುಣಿ ತೆಗೆದಿದ್ದರು. ರಾಯಪ್ಪ ಮುಷ್ಟಿಯಲ್ಲಿ ಮಣ್ಣು ಹಿಡಿದು ನಿಂತ. ಬೆರಳು ಬಿಚ್ಚಲಾಗಲಿಲ್ಲ. ಕೊನೆಗೆ ಆ ಹುಡುಗಿಯೇ ಹತ್ತಿರ ಹೋಗಿ, ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.