ಮಗ್ಗಕ್ಕೆ ಕಟ್ಟಿದ ಕತ್ತರಿ

ಕೊಳ್ಳೇಗಾಲದ ಹಲ್ಲಿನ ಆಸ್ಪತ್ರೆಯಲ್ಲಿ ಡಾಕ್ಟರ್ ಪವಿತ್ರ ನಟರಾಜುವಿನ ಮುಂದಿನ ಹಲ್ಲಿನ ಜಾಗದಲ್ಲಿ ಹೊಸ ಕ್ಯಾಪು ಕೂರಿಸಿ ಕನ್ನಡಿ ಹಿಡಿದಳು. ಅಷ್ಟರಲ್ಲಿ ಯಳಂದೂರಿನಿಂದ ಪಕ್ಕದ ಮನೆಯ ಬಸವಮ್ಮನ ಫೋನು ಬಂತು.

"ನಟರಾಜಣ್ಣ, ಬಿರ್ರನೆ ಬಾ. ಚನ್ನಾಜಕ್ಕ ಎದೆ ಇಡ್ಕಂಡು ಕೂತೋಳು ಏಳ್ನೇ ಇಲ್ಲ ಕಣಣ್ಣ. ಓಗ್ಬುಟ್ಲು."

ಹೆಂಡತಿ ಚನ್ನಾಜಮ್ಮನಿಗೆ ತೋರಿಸಲೆಂದು ಕನ್ನಡಿಯಲ್ಲಿ ನೋಡಿಕೊಳ್ಳುತ್ತಿದ್ದ ನಗು ಅಲ್ಲೇ ಆರಿಹೋಯಿತು.

ಆ ನಗು ಅವಳದೇ ಸೊತ್ತು. ರಾಮಾಪುರಕ್ಕೆ ಹೆಣ್ಣು ನೋಡಲು ಹೋದ ದಿನ ತಟ್ಟೆಯ ವೀಳ್ಯದೆಲೆಯನ್ನೆಲ್ಲ ಮೇಕೆ ತಿಂದುಬಿಟ್ಟಿತ್ತು. ಹಿರಿಯರು ಮುಖ ಹುಳ್ಳಗೆ ಮಾಡಿದರು. ನಟರಾಜು ಬಾಯಿ ತುಂಬ ನಕ್ಕ. ಬಾಗಿಲ ಮರೆಯಲ್ಲಿ ಎರಡು ಕಣ್ಣು ಆ ನಗುವನ್ನೇ ನೋಡುತ್ತಿದ್ದವು.

ರೇಷ್ಮೆ ಮಗ್ಗದಲ್ಲಿ ಎಳೆ ಕಡಿದಾಗ ಗಂಟು ಹಾಕಿ, ತುದಿಯನ್ನು ಹಲ್ಲಿನಿಂದ ಕಚ್ಚುವುದು ಅವನ ಚಾಳಿ. ಹಾಗೇ ಸವೆದು ಸವೆದು ಹಲ್ಲು ಹೋಯಿತು. ಅಂದಿನಿಂದ ಅಂಗೈ ಅಡ್ಡ ಹಿಡಿದೇ ನಗುತ್ತಿದ್ದ.

"ಕೈ ತೆಗೀರಿ. ನಾನೇನು ಕೈ ನೋಡಿ ಮದ್ವೆ ಆದ್ನಾ?"

"ಮುದುಕ್ನ ಬಾಯಲ್ಲಿ ಏನ್ ನೋಡ್ತೀಯ ಚನ್ನಾಜಿ?"

"ಮೇಕೆ ನೋಡ್ತೀನಿ," ಎಂದು ಓರೆಗಣ್ಣಿನಲ್ಲಿ ನಗುತ್ತಿದ್ದಳು. ಅವಳ ಹಟಕ್ಕೇ, ಹೊಸ ಹಲ್ಲು ನಿಲ್ಲಲೆಂದು ದವಡೆಗೆ ತಿರುಪು ಹಾಕಿಸಿಕೊಂಡಿದ್ದ.

ತಿಥಿ ಮುಗಿಯಿತು. ಆಸ್ಪತ್ರೆಯಲ್ಲಿ ಕೊಟ್ಟ ಮೆತ್ತನೆಯ ಬ್ರಷ್ಷು, ಕ್ಯಾಪಿನ ಸುತ್ತ ಆಡಿಸುವ ದಾರ, ಎರಡೂ ಪೊಟ್ಟಣದಲ್ಲೇ ಉಳಿದವು. ವಸಡು ಊದಿ ರಕ್ತ ಬಂತು.

"ಹೀಗೇ ಬಿಟ್ರೆ ತಿರುಪೇ ಸಡಿಲ ಆಗುತ್ತೆ ಅಜ್ಜ," ಎಂದು, ಮತ್ತೆ ತೋರಿಸಲು ಹೋದಾಗ ಪವಿತ್ರ ಗದರಿದಳು.

"ಓದ್ರೆ ಓಗ್ಲಿ ಬುಡವ್ವ. ನೋಡೋಳೇ ಇಲ್ಲ."

ಮನೆಗೆ ಬಂದವನು ಬೇಸರ ಕಳೆಯಲು ಮಗ್ಗಕ್ಕೆ ಕೂತ. ಅವಳು ಹೋದ ಮೇಲೆ ಕೂತದ್ದು ಅದೇ ಮೊದಲು. ಒಂದು ಎಳೆ ಕಡಿಯಿತು. ಗಂಟು ಹಾಕಿ, ಕಚ್ಚಲು ಬಗ್ಗಿದ. ಕೆನ್ನೆಗೆ ತಣ್ಣಗೆ ಏನೋ ತಾಗಿತು.

ಪುಟ್ಟ ಕತ್ತರಿ. ಕೆಂಪು ರೇಷ್ಮೆ ದಾರದಲ್ಲಿ ತೂಗುತ್ತಿತ್ತು. ಅವಳು ಸೀರೆಯ ಕುಚ್ಚಿಗೆ ಹಾಕುತ್ತಿದ್ದ ಗಂಟೇ ಅದು. ಕ್ಯಾಪು ಹಾಕಿಸಲು ಆಸ್ಪತ್ರೆಗೆ ಹೊರಟ ಬೆಳಿಗ್ಗೆ ಕತ್ತರಿ ಅಲ್ಲಿರಲಿಲ್ಲ. ಅವನು ಬಸ್ಸು ಹತ್ತಿದ ಮೇಲೆ, ಎದೆ ನೋಯುವ ಮೊದಲು, ಹೊಸ ಹಲ್ಲಿನಿಂದ ಎಳೆ ಕಚ್ಚದಿರಲೆಂದು ಕಟ್ಟಿಟ್ಟಿದ್ದಳು.

ನಟರಾಜು ಎಳೆಯನ್ನು ಕತ್ತರಿಯಿಂದಲೇ ಕತ್ತರಿಸಿದ. ಬಚ್ಚಲಿಗೆ ಹೋಗಿ ಪೊಟ್ಟಣ ಒಡೆದು ಮೆಲ್ಲಗೆ ಹಲ್ಲುಜ್ಜಿದ, ಕ್ಯಾಪಿನ ಸುತ್ತ ದಾರ ಆಡಿಸಿದ, ಬಾಯಿ ಮುಕ್ಕಳಿಸಿದ. ಆಮೇಲೆ ಅವಳ ಪಟದ ಮುಂದೆ ನಿಂತ. ಅಭ್ಯಾಸದಂತೆ ಬಾಯಿಗೆ ಬಂದ ಕೈಯನ್ನು ಕೆಳಗಿಳಿಸಿದ.

"ನೋಡು ಚನ್ನಾಜಿ," ಎಂದು ಬಾಯಿ ತುಂಬ ನಕ್ಕ. ಕಣ್ಣು ಮಾತ್ರ ಸುರಿಯುತ್ತಿತ್ತು.

ದೀಪ ಹಚ್ಚಿ ಕೈಮುಗಿದ.

"ಮಾದಪ್ಪಾ, ಈ ಹಲ್ಲ ನಾನು ಜ್ವಾಪಾನ ಮಾಡ್ತೀನಿ. ಅವಳ ನೀನು ಜ್ವಾಪಾನ ಮಾಡು ನನ್ನಪ್ಪ. ನಿನ್ನ ಪಾದದಲ್ಲಿ ಅವಳ್ಗೆ ತಣ್ಣನೆ ನೆಳ್ಳು ಕೊಡು."