ಸೋಮವಾರ ಹಾಲುಕ್ಕಿಸುವ ಮನೆ

ಜೂನ್ ಮೂರನೇ ವಾರದ ಸೋಮವಾರ, ಬೆಳಿಗ್ಗೆ ಎಂಟು ಗಂಟೆ. ಹೊಳೆನರಸೀಪುರದ ಠಾಣೆಯಲ್ಲಿ ಪಿಎಸ್‌ಐ ಭವ್ಯಶ್ರೀ ಕೂರುವ ಮೊದಲೇ ದೂರುದಾರರು ಎದುರಿಗೆ ಕೂತಾಗಿತ್ತು. ಹೆಸರು ಸಂಪತ್ಕುಮಾರ, ನಿವೃತ್ತ ಬ್ಯಾಂಕ್ ಅಧಿಕಾರಿ, ಹಾಲಿ ವಾಸ ಚನ್ನರಾಯಪಟ್ಟಣದ ಮಗಳ ಮನೆ. ಶನಿವಾರ ಊರಿನ ತಮ್ಮ ಮನೆಗೆ ಹೋದಾಗ, ಬಾಡಿಗೆಗಿರುವ ದರ್ಜಿ ಪುಟ್ಟತಾಯಮ್ಮ ತಮ್ಮ ಚೀಲದಿಂದ ಬೆಳ್ಳಿ ದೀಪ ಕದ್ದಳೆಂಬುದು ದೂರು. ಎಫ್‌ಐಆರ್ ದಾಖಲಾಯಿತು.

"ಸಾಮಾನೆಲ್ಲ ಬೀದಿಗೆ ತೆಗೆಸಿ ಹುಡುಕಿ ಮೇಡಂ. ಹತ್ತೂವರೆಯೊಳಗೆ ಮುಗೀಬೇಕು."

"ಯಾಕೆ?"

"ಆಮೇಲೆ ರಾಹುಕಾಲ."

"ಸೋಮವಾರದ ರಾಹುಕಾಲ ಈಗಲೇ ನಡೀತಿದೆಯಲ್ಲ ಸಾರ್?"

ಸಂಪತ್ಕುಮಾರ ಕೆಮ್ಮಿದರು.

ಮನೆ ಖಾಲಿ ಮಾಡಿಸುವ ದಾವೆ ಇನ್ನೂ ಕೋರ್ಟಿನಲ್ಲಿದೆ ಎಂದು ಕಾನ್‌ಸ್ಟೆಬಲ್ ನಾಗೇಶ್ ಕಿವಿಯಲ್ಲಿ ಹೇಳಿದ. ವಾರಂಟ್ ತರುವಷ್ಟರಲ್ಲಿ ಬೆಳ್ಳಿ ಕರಗಿಹೋಗಬಹುದೆಂದು ಭವ್ಯಶ್ರೀ ಕಾರಣ ಬರೆದಿಟ್ಟು, ಇಬ್ಬರು ಪಂಚರೊಂದಿಗೆ ಹೊರಟರು. ಶೋಧದ ವಿಡಿಯೊ ಮಾಡುವ ಕೆಲಸ ನಾಗೇಶನದು.

ಮನೆ ತಲುಪುತ್ತಲೇ ಸಂಪತ್ಕುಮಾರ ಒಂದು ಕುರ್ಚಿ ಹೊತ್ತು ಬೀದಿಗೆ ಹೊರಟರು.

"ಇಡಿ ಕೆಳಗೆ," ಎಂದರು ಭವ್ಯಶ್ರೀ. "ಖಾಲಿ ಮಾಡಿಸೋಕೆ ಕೋರ್ಟಿನ ಆದೇಶ ಬೇಕು, ಅಮೀನರು ಬರಬೇಕು. ನಾವು ಬಂದಿರೋದು ದೀಪ ಹುಡುಕೋಕೆ."

"ಹುಡ್ಕಿ ತಾಯಿ," ಎಂದಳು ಪುಟ್ಟತಾಯಮ್ಮ. "ಮಿಷನ್ ಮಾತ್ರ ಬೀದಿಗಾಕ್ಬ್ಯಾಡಿ. ಕೋರ್ಟು ಏಳೋಗಂಟ ನಾನೆಲ್ಗೋಗ್ಲಿ?"

ಅಟ್ಟ, ಮಂಚದಡಿ, ಪೆಟ್ಟಿಗೆ ಎಲ್ಲ ನೋಡಿದ್ದಾಯಿತು. ದೀಪವಿಲ್ಲ. ಸಂಪತ್ಕುಮಾರ ಗಡಿಯಾರ ನೋಡಿಕೊಂಡರು.

"ಅಕ್ಕಿ ಡಬ್ಬ ನೋಡಿ."

"ಮೂರಿವೆ. ಯಾವುದು?"

"ನೀಲಿ ಮುಚ್ಚಳದ್ದು!"

ಅಕ್ಕಿಯೊಳಗೆ ದೀಪವಿತ್ತು.

"ಅಲ್ಲ ಸಾ, ನನ್ನಕ್ಕಿ ಡಬ್ಬದ ಮುಚ್ಚಳ ನಿಮ್ಗೆಂಗೆ ಗೊತ್ತು?" ಪುಟ್ಟತಾಯಮ್ಮನ ದನಿ ಏರಿತು. "ನೆನ್ನೆ ಬೀಗ ಆಕ್ಕೊಂಡು ಅರಕಲಗೂಡಿಗೋಗಿದ್ದೆ. ಆಗ ಬಂದಿದ್ರಾ?"

ಉತ್ತರ ಬರುವ ಮುನ್ನ ಹಸು ಬಂತು. ಕೊಂಬಿಗೆ ಹೂವು, ಹಣೆಗೆ ಕುಂಕುಮ. ಹಿಂದೆಯೇ ಹಾಲಿನ ಪಾತ್ರೆ ಹಿಡಿದ ಪುರೋಹಿತರು.

"ಏನ್ರೀ ಇದು, ಇನ್ನೂ ಖಾಲಿ ಆಗಿಲ್ವೇ? ಹತ್ತೂವರೆಗೆ ಹಾಲುಕ್ಕಿಸಬೇಕು!"

"ಖಾಲಿ ಆಗತ್ತೆ ಅಂದವರು ಯಾರು?"

"ಇವರೇ. ಸೋಮವಾರ ಪೊಲೀಸರು ಬಂದು ಖಾಲಿ ಮಾಡಿಸ್ತಾರೆ, ಮುಹೂರ್ತ ಇಡಿ ಅಂದ್ರು. ಹೋದ ಮಂಗಳವಾರ."

ದೀಪ ಕಳುವಾದದ್ದು ಶನಿವಾರ.

"ನಾಗೇಶ್, ಹಸು ಪಂಚನಾಮೆಗೆ ಬರಲ್ಲ. ಕ್ಯಾಮೆರಾ ಈ ಕಡೆ ತಿರುಗಿಸು."

ಜೇಬು ತೋರಿಸಿ ಎಂದಾಗ ಸಂಪತ್ಕುಮಾರರ ಜುಬ್ಬದಿಂದ ಮನೆಯ ಇನ್ನೊಂದು ಬೀಗದ ಕೈ ಹೊರಬಂತು. ಭಾನುವಾರ ಒಳಗೆ ಬಂದು ದೀಪ ಬಚ್ಚಿಟ್ಟದ್ದನ್ನು ಒಪ್ಪಿಕೊಂಡರು. ಮನೆಗೆ ಅತಿಕ್ರಮ ಪ್ರವೇಶದ ಹೊಸ ಎಫ್‌ಐಆರ್, ಬಂಧನ, ಜಾಮೀನು ಸಿಗುವ ಕೇಸು. ಸುಳ್ಳು ದೂರಿನ ವರದಿ ಕೋರ್ಟಿಗೆ ಬೇರೆ ಹೋಗಲಿತ್ತು.

"ಯಾಕೆ ಸಾರ್, ತೀರ್ಪಿಗೆ ಕಾಯಬಾರದಿತ್ತೇ?"

"ಇವತ್ತು ತಪ್ಪಿದ್ರೆ ಆಷಾಢ. ಮುಹೂರ್ತವೇ ಇಲ್ಲ. ಅಳಿಯನ ಮನೇಲಿ ಮೂರು ವರ್ಷ ಆಯ್ತು ಮೇಡಂ. ಕಾಫಿ ಇನ್ನೊಂದು ಲೋಟ ಬೇಕು ಅನ್ನೋಕೆ ಬಾಯಿ ಬರಲ್ಲ."

ಹಾಲು ಕೆಡಬಾರದೆಂದು ಪುಟ್ಟತಾಯಮ್ಮ ಅದನ್ನು ಒಲೆಗಿಟ್ಟಿದ್ದಳು. ಎಲ್ಲರಿಗೂ ಕಾಫಿ ಬಂತು. ಸಂಪತ್ಕುಮಾರರ ಲೋಟ ಬರಿದಾಗುತ್ತಲೇ ಕೇಳದೆಯೇ ಮತ್ತೊಮ್ಮೆ ತುಂಬಿಸಿದಳು.

"ಕುಡೀರಿ ಸಾ. ಕಾಫಿ ಬೇಕಾದ್ರೆ ನನ್ನ ಕೇಳಿ. ಮನೆ ಬೇಕಾದ್ರೆ ಕೋರ್ಟ್ನ ಕೇಳಿ."