ಕುರ್ಚಿಯ ಮೇಲಿನ ಹಸಿರು ಡಬ್ಬಿ

ಕೆಂಪು ಪ್ಲಾಸ್ಟಿಕ್ ಕುರ್ಚಿ. ಅದರ ಮೇಲೆ ನಾಲ್ಕು ಮಡಿಕೆಯ ಬಿಳಿ ಕರವಸ್ತ್ರ. ಕರವಸ್ತ್ರದ ಮೇಲೆ ಅಂಗೈ ಅಗಲದ ಒಂದು ಹಸಿರು ಡಬ್ಬಿ. ಅದರ ಬಲ ಅಂಚಿನಲ್ಲಿ ಬಣ್ಣ ಸವೆದು ತಗಡು ಬೆಳ್ಳಗೆ ಇಣುಕಿದೆ. ಮೂರು ತಿರುಗುಗುಂಡಿಗಳಲ್ಲಿ ಎರಡು ಕಪ್ಪು. ಮೂರನೆಯದು ಕಳೆದುಹೋದ ಜಾಗದಲ್ಲಿ ಟೂತ್‌ಪೇಸ್ಟಿನ ಬಿಳಿ ಮುಚ್ಚಳ. ಮಾವಿನ ಎಲೆಯೊಂದರ ನೆರಳು ಅದರ ಮೇಲೆ ಬಂದು ನಿಂತು, ಇನ್ನೇನು ಹೊರಡಬೇಕೆನ್ನುವಾಗ ಮನಸ್ಸು ಬದಲಿಸಿದಂತೆ ಮತ್ತೆ ನಿಂತಿದೆ. ನೊಣವೊಂದು ಅಪ್ಪಣೆ ಕೇಳುವಂತೆ ಸುತ್ತುತ್ತಿದೆ. ಅಂಗಳದಲ್ಲಿ ಹತ್ತು ಜನ ನಿಂತಿದ್ದಾರೆ. ಆ ಕುರ್ಚಿಯಲ್ಲಿ ಮಾತ್ರ ಯಾರೂ ಕೂರುವುದಿಲ್ಲ.

ನಿಂತವರಲ್ಲಿ ಲುಬಾಕಿಯೂ ಒಬ್ಬ. ಐವತ್ತೆಂಟು ವರ್ಷದ ಅವನ ಮಂಡಿಗಳು ಕುರ್ಚಿಯೊಂದನ್ನು ಬೇಡುತ್ತಿದ್ದವು. ಒಂದು ಡಬ್ಬಿಗೆ ಸಿಕ್ಕ ಆಸನ ತನಗೆ ಸಿಗಲಿಲ್ಲವೆಂಬುದು ದೊಡ್ಡ ದುಃಖವೇನಲ್ಲ. ಆದರೆ ಸಣ್ಣ ದುಃಖವೂ ಏಳು ವರ್ಷ ಒಂದೇ ಜಾಗದಲ್ಲಿ ನಿಂತರೆ ಬೇರು ಬಿಡುತ್ತದೆ.

ಕಿನ್ಶಾಸಾದ ಬಂದಾಲ್ ಬಡಾವಣೆಯಲ್ಲಿ ಜನ ಅವನನ್ನು ಕರೆಯುತ್ತಿದ್ದುದೇ 'ಕಿವಿ' ಎಂದು. ಯಾವ ಗಿಟಾರಿಗನ ಕಾಲಡಿಗೆ ಸದ್ದು ಬದಲಿಸುವ ಯಾವ ಪೆಡಲ್ ಡಬ್ಬಿ, ಯಾವ ಬಾಸ್ ವಾದಕನ ಬೆನ್ನ ಹಿಂದೆ ಯಾವ ಸ್ಪೀಕರ್ ಬಾಕ್ಸ್ ಎಂಬುದನ್ನು ಮೂವತ್ತು ವರ್ಷಗಳಿಂದ ಆ ಕಿವಿಯೇ ತೀರ್ಮಾನಿಸುತ್ತಿತ್ತು. ಬಾಸ್ ನುಡಿಸುವವನು ಕೇಳುವುದು ಬೆನ್ನುಮೂಳೆಯಿಂದ ಎಂದು ಅವನ ಸಿದ್ಧಾಂತ. ಆದ್ದರಿಂದ ಅವರಿಗೆ ಹದಿನೈದು ಇಂಚಿನ ಸ್ಪೀಕರು, ಅದೂ ಸೊಂಟದ ಎತ್ತರಕ್ಕೆ. ತಾಳದ ಗಿಟಾರಿಗನಿಗೆ ಪೆಡಲನ್ನೇ ಕೊಡುತ್ತಿರಲಿಲ್ಲ. ಕೊಟ್ಟರೆ ನಡತೆ ಕೆಡುತ್ತದೆ. ಸದ್ದನ್ನು ಗೊರಗೊರ ಒಡೆಯುವ ಪೆಡಲ್ ಬೇಕೆಂದು ಬಂದ ತರುಣನೊಬ್ಬನಿಗೆ "ಪೊಂಡು ಸೊಪ್ಪಿಗೆ ಮರಳು ಕಲೆಸ್ಕೊಂಡು ತಿಂತೀಯೇನೋ?" ಎಂದು ಕೇಳಿ ವಾಪಸು ಕಳಿಸಿದ್ದ. ಪೆಡಲಿಗೆ ಹಾಕುವ ಚೌಕ ಬ್ಯಾಟರಿ ಇಡೀ ಬಡಾವಣೆಯಲ್ಲಿ ದೊರೆಯುತ್ತಿದ್ದುದು ಅವನ ಅಂಗಡಿಯೊಂದರಲ್ಲೇ. ತಿಂಗಳಿಗೊಮ್ಮೆಯಾದರೂ ಎಂಥ ಗಿಟಾರಿಗನೂ ಬಂದು ಅವನ ಗಲ್ಲೆಯ ಮುಂದೆ ಬಾಗಬೇಕಿತ್ತು.

ಬೊಕೆಲೊ ಒಬ್ಬನನ್ನು ಬಿಟ್ಟು.

ಏಳು ವರ್ಷದ ಹಿಂದೆ ನದಿಯ ಮೇಲ್ದಂಡೆಯಿಂದ ದೋಣಿಯಲ್ಲಿ ಬಂದಿಳಿದ ಈ ಗಿಟಾರಿಗ ಲುಬಾಕಿಯಿಂದ ತೆಗೆದುಕೊಂಡದ್ದು ಒಂದೇ ಒಂದು ವಸ್ತು: ಹರಿದ ಸ್ಪೀಕರಿಗೆ ಮೇಕೆಯ ಚರ್ಮದ ತೇಪೆ ಹಾಕಿದ ಹಳೆಯ ಬಾಕ್ಸ್. ಪೆಡಲ್ ತೋರಿಸಲು ಹೋದರೆ, "ಬಾಕ್ಸ್ ನಿಂದಿರಲಿ ಅಣ್ಣ, ಡಬ್ಬಿ ನಂದೇ ಇದೆ" ಎಂದು ಹಸಿರು ಡಬ್ಬಿಯನ್ನು ತಟ್ಟಿದ್ದ. ಅಂದಿನಿಂದ ಅಂಗಡಿಯ ಮೆಟ್ಟಿಲು ಹತ್ತಿಲ್ಲ. ಬ್ಯಾಟರಿಗೂ ಇಲ್ಲ. ಒಂದು ಬ್ಯಾಟರಿಗಾಗಿ ಬಸ್ಸಿನಲ್ಲಿ ಜೋತಾಡುತ್ತ ಪೇಟೆಗೆ ಹೋಗಿ ಬರುವ ಬೊಕೆಲೊನನ್ನು ಲುಬಾಕಿ ಎಷ್ಟೋ ಸಲ ಮನಸ್ಸಿನಲ್ಲಿ ಚಿತ್ರಿಸಿಕೊಂಡಿದ್ದ. ಗರ್ವಕ್ಕೂ ಒಂದು ಮಿತಿ ಬೇಡವೇ?

ಆದರೆ ಆ ಸದ್ದು! ಹಾಡಿನ ನಿಧಾನದ ಭಾಗದಲ್ಲಿ ಬೊಕೆಲೊ ಎಲ್ಲರಂತೆಯೇ ನುಡಿಸುತ್ತಿದ್ದ. ಹಾಡು ಮುಗಿದು, ಮಾತು ಸಾಕಾಗಿ ಗಿಟಾರು ಮಾತ್ರ ಓಡತೊಡಗುವ ಸೆಬೆನ್ ಬಂದಾಗ ಅವನ ಕಾಲು ಮೇಲೇಳುತ್ತಿತ್ತು; ಜನ ಆಗಲೇ ಕೂಗುತ್ತಿದ್ದರು. ಕಾಲು ಡಬ್ಬಿಯನ್ನು ಒತ್ತಿದ್ದೇ, ಪ್ರತಿ ಸ್ವರದ ಹಿಂದೆಯೂ ಅದರ ಪುಟ್ಟ ತಮ್ಮನೊಬ್ಬ, ಅಣ್ಣನಿಗಿಂತ ಮೆಲ್ಲಗೆ, ಕೈ ಹಿಡಿದುಕೊಳ್ಳಲು ಓಡಿಬಂದಂತಾಗುತ್ತಿತ್ತು. ಲುಬಾಕಿಯ ಮೂವತ್ತು ವರ್ಷದ ಆಯ್ಕೆಗಳಲ್ಲಿ ಅಂಥದೊಂದು ಇರಲಿಲ್ಲ.

ಆ ದಿನ, ನೊಣ ಇನ್ನೂ ಡಬ್ಬಿಯನ್ನು ಸುತ್ತುತ್ತಿರುವಾಗಲೇ, ಎಕಿಲಾ ಅಮ್ಮ ಅವನ ಪಕ್ಕಕ್ಕೆ ಬಂದು ನಿಂತಳು. ಕುಡಿತ, ಕುಣಿತದ ಮೂರು ಬಾರುಗಳ ಒಡತಿ. ಈ ಅಂಗಳ ಮೂರನೆಯದು.

"ಮೂರೂ ಬಾರಿಗೆ ಹೊಸ ಸಾಮಾನು ತರಿಸ್ತಿದೀನಿ, ಲುಬಾಕಿ. ಪೆಡಲು, ಬಾಕ್ಸು ಎಲ್ಲಾ. ಆರಿಸೋನು ನೀನೇ. ಆದ್ರೆ ನನ್ನ ಹುಡುಗರ ಗಿಟಾರಲ್ಲಿ ಆ ಸದ್ದು ಬರ್ಬೇಕು." ಅವಳ ಗದ್ದ ಕುರ್ಚಿಯತ್ತ ತಿರುಗಿತು.

"ಅದು ಬೊಕೆಲೊಂದು, ಅಮ್ಮಾ. ಬೇರೆ ಯಾವ ಸದ್ದು ಕೇಳಿದ್ರೂ..."

"ಬೇರೆ ಸದ್ದು ನನ್ನ ಗಂಡನ ಗೊರಕೇಲೇ ಇದೆ. ಕಿವಿಗೆ ಕೇಳಿಸಿದ್ದು ಕೈಗೆ ಬರಲ್ಲ ಅಂದ್ರೆ ಈಗ್ಲೇ ಹೇಳಿಬಿಡು. ನದಿ ಆಚೆ ಬ್ರಾಝವಿಲ್‌ನಲ್ಲಿ ಒಬ್ಬ ಇದಾನಂತೆ. ಚಿಕ್ಕ ವಯಸ್ಸು. ಹಲ್ಲೂ ಚೆನ್ನಾಗಿದೆ."

"ಹಲ್ಲಿಗೂ ಪೆಡಲಿಗೂ ಏನಮ್ಮಾ ಸಂಬಂಧ?"

"ಅವನು ನಗ್ತಾನೆ. ನೀನು ನಗಲ್ಲ. ಒಂದು ತಿಂಗಳು ಟೈಮು."

ನದಿಯಾಚೆಯವನೊಬ್ಬ ಬಂದು ಬಂದಾಲ್‌ನ ಗಿಟಾರುಗಳಿಗೆ ಪೆಡಲ್ ಆರಿಸಿಕೊಡುವುದೆಂದರೆ, ಬದುಕಿರುವಾಗಲೇ ತನ್ನ ಶೋಕದ ಊಟಕ್ಕೆ ತಾನೇ ಎಲೆ ಹಾಕಿಸಿಕೊಂಡಂತೆ. ಆ ಡಬ್ಬಿಯ ಒಳಗನ್ನು ನೋಡದೆ ಬೇರೆ ದಾರಿಯಿರಲಿಲ್ಲ. ಬೊಕೆಲೊನನ್ನೇ ಕೇಳೋಣವೆಂದರೆ, ಹಿಂದೊಮ್ಮೆ ಕೇಳಿದ್ದಕ್ಕೆ ಅವನು ಕೊಟ್ಟ ಉತ್ತರ ಇನ್ನೂ ನೆನಪಿತ್ತು: "ನಿನ್ನ ಹೆಂಡ್ತಿ ಏನು ಬೇಯಿಸಿದಾಳೆ ಅಂತ ನಾನು ಯಾವತ್ತಾದ್ರೂ ಪಾತ್ರೆ ಮುಚ್ಚಳ ತೆಗೆದು ನೋಡಿದೀನಾ, ಅಣ್ಣ?"

ಕಳವು ಎಂಬ ಪದವನ್ನು ಲುಬಾಕಿ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಓದಬಲ್ಲವನೊಬ್ಬ ಓದಲಾರದವನ ಮನೆಯಿಂದ ಪುಸ್ತಕವೊಂದನ್ನು ಒಂದು ವಾರದ ಮಟ್ಟಿಗೆ ತಂದರೆ ಅದು ಕಳವೇ? ಒಳಗಿನ ಸರ್ಕ್ಯೂಟನ್ನು ನೋಡಿ, ಬರೆದುಕೊಂಡು, ಮುಂದಿನ ಭಾನುವಾರ ಅದೇ ಕರವಸ್ತ್ರದ ಮೇಲೆ ಇಟ್ಟುಬಿಡುವುದು. ಆ ಒಂದು ವಾರ ಕುರ್ಚಿಯ ಮೇಲೆ ಇನ್ನೊಂದು ಡಬ್ಬಿ ಕೂತಿರುತ್ತದೆ. ತಾಯಿಗೂ ಗುರುತು ಸಿಗದಂಥ ಅವಳಿ.

ಅವಳಿಯನ್ನು ಅವನು ಪ್ರೀತಿಯಿಂದಲೇ ಮಾಡಿದ. ಸತ್ತುಹೋದ ಪೆಡಲೊಂದರ ತಗಡಿನ ಮೈಯನ್ನು ಉಜ್ಜಿ ಮೂರು ಸಲ ಹಸಿರು ಬಳಿದ. ಬಲ ಅಂಚಿನ ಸವೆತವನ್ನು ಅರದಿಂದ ತರಲಿಲ್ಲ; ಬೂದಿ ಹಚ್ಚಿದ ಹೆಬ್ಬೆರಳಿನಿಂದ ಆರು ದಿನ ತಿಕ್ಕಿದ, ಏಕೆಂದರೆ ಬೆರಳು ಮಾಡಿದ ಗಾಯವನ್ನು ಅರ ಮಾಡಲಾರದು. ಬಿಳಿ ಮುಚ್ಚಳಕ್ಕಾಗಿ ತನ್ನ ಟೂತ್‌ಪೇಸ್ಟನ್ನೇ ಬದಲಿಸಿದ. ಮೂಲ ಡಬ್ಬಿಯ ಪುಟ್ಟ ಕೆಂಪು ದೀಪ ಉರಿದದ್ದನ್ನು ಅವನು ಎಂದೂ ಕಂಡಿರಲಿಲ್ಲ. ಆದ್ದರಿಂದ ಇದರ ದೀಪದ ತಂತಿಯನ್ನೂ, ಮನಸ್ಸಿಲ್ಲದ ಮನಸ್ಸಿನಿಂದ, ಕತ್ತರಿಸಿದ. ತೂಕದ ಪ್ರಶ್ನೆ ಬಂತು. ಬೊಕೆಲೊ ಅದನ್ನು ಎರಡೇ ಬೆರಳಿನಿಂದ, ಮೊಟ್ಟೆಯನ್ನು ಎತ್ತುವಂತೆ ಎತ್ತುತ್ತಿದ್ದ. ಲುಬಾಕಿ ತಗಡನ್ನು ಒಳಗಿನಿಂದ ಕೆರೆದು ಕೆರೆದು ಹಗುರ ಮಾಡಿದ. ಇಷ್ಟು ಹಗುರದ ಡಬ್ಬಿಯಲ್ಲಿ ಅಷ್ಟೊಂದು ಸದ್ದನ್ನು ತುಂಬಿದ ಆ ಅಜ್ಞಾತ ಕುಶಲಿಗೆ ಮನಸ್ಸಿನಲ್ಲೇ ತಲೆಬಾಗಿದ.

ಒಳಗೆ ತನ್ನಲ್ಲಿದ್ದ ಅತ್ಯುತ್ತಮ ಪ್ರತಿಧ್ವನಿಯ ಸರ್ಕ್ಯೂಟನ್ನು ಬೆಸೆದ. ಸ್ವರಕ್ಕೊಂದೇ ಮರುಸ್ವರ, ಮೊದಲಿನದಕ್ಕಿಂತ ಅರ್ಧದಷ್ಟು ಮೆಲ್ಲಗೆ. ಕಣ್ಣು ಮುಚ್ಚಿ ಕೇಳಿದರೆ ಹದಿನಾರಾಣೆಯಲ್ಲಿ ಹದಿನಾಲ್ಕಾಣೆ ಬೊಕೆಲೊ. ಉಳಿದ ಎರಡಾಣೆ ಮೂಲದ ಒಡಲಲ್ಲಿ ಅಡಗಿದೆ. ಅದಕ್ಕೇ ತಾನೇ ಈ ಪಾಡು! ಕೊನೆಯಲ್ಲಿ ಹೊಸ ಬ್ಯಾಟರಿಯೊಂದನ್ನು ಹಾಕಿದ. ಹಳೆಯದಾದರೆ ನಡುದಾರಿಯಲ್ಲಿ ಸತ್ತು ಗುಟ್ಟು ಬಯಲಾದೀತು. ಅಲ್ಲದೆ ಇಂಥ ಕೆಲಸದಲ್ಲಿ ಜಿಪುಣತನ ಅವನಿಗೆ ಸರಿಕಾಣಲಿಲ್ಲ.

ಸಮಯವನ್ನೂ ಆರಿಸಿದ್ದ. ನುಡಿಸುವ ಮೊದಲು ವಾದಕರಿಗೆ ಉಣಬಡಿಸುವುದು ಎಕಿಲಾ ಅಮ್ಮನ ಪದ್ಧತಿ. ಎಲ್ಲಿಗೆ ಹೋದರೂ ಡಬ್ಬಿಯನ್ನು ಜೊತೆಗೊಯ್ಯುವ ಬೊಕೆಲೊ ನೀರಿನ ಹತ್ತಿರ ಮಾತ್ರ ಒಯ್ಯುತ್ತಿರಲಿಲ್ಲ. ಉಪ್ಪುಮೀನಿನ ಎಣ್ಣೆ ಹತ್ತಿದ ಕೈ ತೊಳೆಯಲು ಗೋಡೆಯ ಬಳಿಯ ಪೀಪಾಯಿಗೆ ಹನ್ನೆರಡು ಹೆಜ್ಜೆ ನಡೆಯುತ್ತಿದ್ದ, ಬೆನ್ನು ತಿರುಗಿಸಿ ಉಗುರು ಉಗುರನ್ನೂ ತಿಕ್ಕುತ್ತಿದ್ದ. ಮೂರು ಭಾನುವಾರ ಲುಬಾಕಿ ಎಣಿಸಿದ್ದ: ಒಂದು ಪಲ್ಲವಿ, ಒಂದು ಚರಣ ಹಾಡುವಷ್ಟು ಹೊತ್ತು. ಪ್ರತಿ ಭಾನುವಾರ ಇಲ್ಲಿ ತಂತಿ ಜೋಡಿಸುವ ತಾನು ಸಾಮಾನಿನ ಚೀಲ ಹಿಡಿದು ಅಲ್ಲೇ ನಿಂತಿದ್ದರೆ ಯಾರು ಏನೆಂದಾರು?

ನಾಲ್ಕನೆಯ ಭಾನುವಾರ ಊಟ ನಡೆದಿತ್ತು. ಬೊಕೆಲೊ ತುತ್ತಿನ ನಡುವೆ ತಲೆಯೆತ್ತಿದ.

"ನಿಂತೇ ಇದೀಯಲ್ಲಣ್ಣ, ಕೂತ್ಕೊ. ಆ ಕುರ್ಚಿ ಮಾತ್ರ ಬೇಡ, ಅಲ್ಲಿ ದೊಡ್ಡೋರು ಕೂತಿದಾರೆ."

"ಅವರಿಗೂ ಒಂದು ತಟ್ಟೆ ಹಾಕ್ರೋ, ಮೀನು ತಿಂತಾರಾ ಕೇಳಿ!" ಎಂದ ಕ್ವೆತೆ. ಮೈಕು ಹಿಡಿದು ಕುಣಿತಕ್ಕೆ ಕೂಗು ಹಾಕುವ ಈ ಮನುಷ್ಯನಿಗೆ ಮೈಕಿಲ್ಲದಾಗಲೂ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ. ಎಲ್ಲರೂ ನಕ್ಕರು.

ಲುಬಾಕಿಯೂ ನಕ್ಕ. ಎದೆಯಲ್ಲಿ ಅಳುಕಿನ ಚೂರು ಉಳಿದಿದ್ದರೆ ಅದೂ ಆ ನಗೆಯಲ್ಲಿ ಕರಗಿತು. ಬೊಕೆಲೊ ಎದ್ದ; ಹನ್ನೆರಡು ಹೆಜ್ಜೆ; ನೀರಿನ ಸದ್ದು. ಚೀಲದಿಂದ ಒಂದು ಡಬ್ಬಿ ಮೇಲೆ ಬಂತು, ಒಂದು ಡಬ್ಬಿ ಕೆಳಗಿಳಿಯಿತು. ಮೂರು ಉಸಿರು. ಮಾವಿನ ನೆರಳು ಹೊಸ ಡಬ್ಬಿಯ ಮೇಲೆ ಬಂದು, ಸಂಶಯವಿಲ್ಲದೆ ನಿಂತಿತು.

ನಾಲ್ಕು ಗಂಟೆಗೆ ಅಂಗಳ ತುಂಬಿತು. ಬೊಕೆಲೊ ಡಬ್ಬಿಯನ್ನು ಎರಡು ಬೆರಳಿನಿಂದ ಎತ್ತಿಕೊಂಡು ವೇದಿಕೆಯ ಮೇಲಿಟ್ಟು, ತಂತಿ ಚುಚ್ಚಿದ. ಎಕಿಲಾ ಅಮ್ಮ ತನ್ನ ಪಕ್ಕದ ಕುರ್ಚಿಯನ್ನು ಎಳೆದು, "ಕೂತ್ಕೊಳಪ್ಪಾ, ಕಿವಿ," ಎಂದಳು. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಲುಬಾಕಿ ಕುಳಿತ. ಏಳು ವರ್ಷದಲ್ಲಿ ಮೊದಲ ಬಾರಿಗೆ ಅವನ ಮಂಡಿಗಳು ಲೋಕವನ್ನು ಕ್ಷಮಿಸಿದವು.

ಹಾಡು ತನ್ನ ದುಃಖವನ್ನೆಲ್ಲ ಹೇಳಿ ಮುಗಿಸಿತು. ಕ್ವೆತೆ ಕೂಗಿದ. ಬೊಕೆಲೊನ ಕಾಲು ಮೇಲೆದ್ದಿತು, ಅಂಗಳ ಕಿರುಚಿತು, ಕಾಲು ಕೆಳಗಿಳಿಯಿತು.

ತಪ್ಪನ್ನು ಮೊದಲು ಕೇಳಿಸಿಕೊಂಡದ್ದು ಲುಬಾಕಿಯ ಕಿವಿಯೇ. ಸ್ವರಕ್ಕೊಬ್ಬ ತಮ್ಮ ಬರಬೇಕಾದಲ್ಲಿ ಮೂವರು ಬರುತ್ತಿದ್ದರು. ಎರಡಿರಬೇಕಾದಲ್ಲಿ ನಾಲ್ಕು, ಒಂದರ ಕಾಲು ಇನ್ನೊಂದು ತುಳಿದು, ಮದುವೆಮನೆಯ ಬಾಗಿಲಲ್ಲಿ ನೆಂಟರು ಸಿಕ್ಕಿಕೊಂಡಂತೆ. ತನ್ನ ಬೆಸುಗೆ ಎಲ್ಲಿ ತಪ್ಪಿತು? ತಪ್ಪಿರಲಿಲ್ಲ, ಅವನು ಒಂದೇ ಮರುಸ್ವರವನ್ನು ಕಟ್ಟಿದ್ದ. ಆಗ, ಏಳು ವರ್ಷದಲ್ಲಿ ಮೊದಲ ಬಾರಿಗೆ, ಅವನು ಬೊಕೆಲೊನ ಕಾಲನ್ನು ಬಿಟ್ಟು ಕೈಯನ್ನು ನೋಡಿದ. ಹೆಬ್ಬೆರಳು ತಂತಿಯನ್ನು ಮೀಟುತ್ತಿತ್ತು. ಅದರ ಬೆನ್ನಿಗೇ ತೋರುಬೆರಳು ಅದೇ ಸ್ವರವನ್ನು ಮೆಲ್ಲಗೆ, ಮಲಗಿದ ಮಗುವಿನ ಕೆನ್ನೆ ಮುಟ್ಟುವಂತೆ, ಮತ್ತೊಮ್ಮೆ ಮುಟ್ಟುತ್ತಿತ್ತು.

ಬೊಕೆಲೊ ನಿಲ್ಲಿಸಿದ. ಡೋಲು ನಿಂತಿತು. ಬಾಸ್ ವಾದಕ, ಆ ಜಾತಿಯವರ ಸ್ವಭಾವದಂತೆ, ಇನ್ನೂ ನಾಲ್ಕು ಹೆಜ್ಜೆ ಒಬ್ಬನೇ ನಡೆದು ಆಮೇಲೆ ನಿಂತ. ಬೊಕೆಲೊ ಮಂಡಿಯೂರಿ ಡಬ್ಬಿಯನ್ನು ಮಗುಚಿ, ಅಡಿಯ ಮುಚ್ಚಳ ತೆಗೆದ. ಒಳಗಿನಿಂದ ಏನನ್ನೋ ಎಳೆದು ಬೆಳಕಿಗೆ ಹಿಡಿದ. ಎಲ್ಲರಿಗೂ ಕಂಡದ್ದು ಒಂದು ಚೌಕ ಬ್ಯಾಟರಿ. ಅವನು ಕ್ವೆತೆಯ ಕೈಯಿಂದ ಮೈಕು ತೆಗೆದುಕೊಂಡ.

"ಯಾರೋ ಪುಣ್ಯಾತ್ಮರು ನನ್ನ ಡಬ್ಬಿಗೆ ಬ್ಯಾಟರಿ ಹಾಕಿದಾರೆ. ದೊಡ್ಡ ಮನಸ್ಸು. ಆದ್ರೆ ನನ್ನ ಡಬ್ಬಿ ನಾನು ಈ ಊರಿಗೆ ಬರೋ ದೋಣೀಲೇ ನೀರು ಕುಡಿದು ಸತ್ತಿತ್ತು. ರಿಪೇರಿಗೆ ಕಾಸಿರಲಿಲ್ಲ, ಬೆರಳಿಗೇ ಕಲಿಸ್ದೆ. ಒಳಗಿದ್ದಿದ್ದೆಲ್ಲಾ ಕಿತ್ತೆಸೆದು ಒಂದು ತಂತಿ ಬೆಸೆದಿದೀನಿ, ಅಷ್ಟೇ. ಕಾಲು ಎತ್ತಿದ್ರೆ ನಿಮಗೆ ಖುಷಿ, ಅದಕ್ಕೆ ಇಟ್ಕೊಂಡಿದೀನಿ." ಬ್ಯಾಟರಿಯನ್ನು ಅತ್ತಿತ್ತ ತಿರುಗಿಸಿದ. "ಅಲ್ರಪ್ಪಾ, ನಮ್ಮ ಬಂದಾಲ್‌ನಲ್ಲಿ ಈ ಚೌಕದ್ದನ್ನ ಮಾರೋರು ಯಾರು?"

ಮುನ್ನೂರು ತಲೆಗಳು ಒಟ್ಟಿಗೆ ತಿರುಗಿದವು. ಎಕಿಲಾ ಅಮ್ಮ ತಿರುಗಿದ್ದು ಎಲ್ಲರಿಗಿಂತ ನಿಧಾನವಾಗಿ. "ನನಗೆ ಬೇಕಾಗಿದ್ದು ಕಿವಿ, ಲುಬಾಕಿ," ಎಂದಳು. "ನೀನು ಏಳು ವರ್ಷ ಕಣ್ಣಲ್ಲಿ ಕೇಳಿದೀಯಲ್ಲಪ್ಪಾ. ನಾಳೆ ದೋಣಿಗೆ ಹೇಳಿ ಕಳಿಸ್ತೀನಿ, ಆ ಹಲ್ಲಿನವನು ಬರಲಿ."

ಲುಬಾಕಿ ಎದ್ದ. ಏಳು ವರ್ಷ ಬ್ಯಾಟರಿ ಕೊಳ್ಳಲು ಬಾರದವನ ಗರ್ವವನ್ನು ಅವನು ತಿಂಗಳು ತಿಂಗಳೂ ಎಣಿಸಿದ್ದ. ಆ ಕಲ್ಪನೆಯ ಬಸ್ಸಿನಲ್ಲಿ ಬೊಕೆಲೊನನ್ನು ಎಷ್ಟೋ ಸಲ ಜೋತಾಡಿಸಿದ್ದ. ಹಸಿವೇ ಇಲ್ಲದವನು ಅಂಗಡಿಗೆ ಏಕೆ ಬಂದಾನು ಎಂಬ ಸಣ್ಣ ಪ್ರಶ್ನೆ ಮಾತ್ರ ಒಮ್ಮೆಯೂ ಹೊಳೆದಿರಲಿಲ್ಲ. ಚೀಲದಿಂದ ಹಗುರವಾದ, ಬರಿದಾದ ಹಸಿರು ಡಬ್ಬಿಯನ್ನು ಎರಡು ಬೆರಳಿನಿಂದ ತೆಗೆದು, ಕೆಂಪು ಕುರ್ಚಿಯ ಮೇಲೆ, ನಾಲ್ಕು ಮಡಿಕೆಯ ಕರವಸ್ತ್ರದ ನಟ್ಟನಡುವೆ ಇಟ್ಟ. ಅಷ್ಟರಲ್ಲಿ ಬೊಕೆಲೊ ತಂತಿಯನ್ನು ನೇರ ಬಾಕ್ಸಿಗೇ ಚುಚ್ಚಿದ್ದ, ಮೈಕು ಮತ್ತೆ ಕ್ವೆತೆಯ ಕೈಗೆ ಬಂದಿತ್ತು. "ಲುಬಾಕಿ, ಬ್ಯಾಟರಿ!" ಎಂದು ಅವನು ಕೂಗಿದ. ಡೋಲು ಅದನ್ನು ಹಿಡಿಯಿತು, ಬಾಸು ಹಿಡಿಯಿತು, ಮುನ್ನೂರು ಜನ ಕುಣಿಯುತ್ತ ಹಿಡಿದರು. ಲುಬಾಕಿ ತಾನೇ ಆರಿಸಿಕೊಟ್ಟ, ಮೇಕೆಯ ಚರ್ಮದ ತೇಪೆಯ ಬಾಕ್ಸಿನಿಂದ ಒಂದೊಂದು ಸ್ವರವೂ ತನ್ನ ಒಬ್ಬನೇ ತಮ್ಮನ ಕೈ ಹಿಡಿದು ಹೊರಬರುತ್ತಿತ್ತು. ಎಷ್ಟು ಸರಿಯಾದ ಬಾಕ್ಸ್ ಎಂದು ಅವನಿಗೆ ಆಗಲೂ ಅನ್ನಿಸದಿರಲಿಲ್ಲ. ಅಂಗಳ ದಾಟಿ ಬೀದಿಗೆ ಕಾಲಿಟ್ಟ. ತಗಡಿನ ಬಾಗಿಲು ಅವನ ಹಿಂದೆ ಒಮ್ಮೆ ಗಟ್ಟಿಯಾಗಿ, ಮತ್ತೊಮ್ಮೆ ಮೆಲ್ಲಗೆ, ಮುಚ್ಚಿಕೊಂಡಿತು.